ಲಕ್ಷದ್ವೀಪಕ್ಕೆ ರಾಜ್ಯಸಭೆಯಲ್ಲಿ ಒಂದು ಸ್ಥಾನ ಬೇಕು: ಮಂಗಳೂರಿಗರೇ, ದನಿಗೂಡಿಸಿ!



ಹಳೇ ಬಂದರಿನ ಧಕ್ಕೆಗೆ ಹೋಗಿ ನೋಡಿ. ಸಿಮೆಂಟ್ ಚೀಲ, ಜಲ್ಲಿ, ಕಬ್ಬಿಣದ ಸರಳು, ತರಕಾರಿ ಮೂಟೆ ಹೇರಿಕೊಂಡು ಮಂಜಿ ಹಡಗುಗಳು ಲಕ್ಷದ್ವೀಪಕ್ಕೆ ಹೊರಡುತ್ತವೆ. ಈ ನಂಟು ವ್ಯಾಪಾರದ್ದಷ್ಟೇ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. ಅದೇ ದಿನ ದ್ವೀಪದವರು ಕೇಂದ್ರಾಡಳಿತಕ್ಕೆ ಹೋದರು.

ಅಂದಿನಿಂದ ನಮಗೆ ಸಿಕ್ಕಿದ್ದೆಷ್ಟು, ಅವರಿಗೆ ಸಿಕ್ಕಿದ್ದೆಷ್ಟು?

1957ರಲ್ಲಿ ನಾವು ಓಟು ಹಾಕಿ ಸಂಸದರನ್ನು ಆರಿಸಿದೆವು. ದ್ವೀಪದವರಿಗೆ ಆ ಭಾಗ್ಯ ಇರಲಿಲ್ಲ. ಅವರ ಪರವಾಗಿ ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡಿದ ಕೆ. ನಲ್ಲ ಕೋಯ ತಂಙಳ್ ಅವರು 1967ರವರೆಗೆ ಲೋಕಸಭೆಯಲ್ಲಿದ್ದರು. ಆ ವರ್ಷ ದ್ವೀಪಗಳಲ್ಲಿ ಮೊದಲ ಲೋಕಸಭಾ ಚುನಾವಣೆ ನಡೆಯಿತು. ಪಕ್ಷೇತರರಾಗಿ ನಿಂತ ಯುವಕ ಪಿ. ಎಂ. ಸಯೀದ್ ಗೆದ್ದರು. ಸತತ ಹತ್ತು ಸಲ ಗೆದ್ದ ಅವರು ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಕೂಡ ಆದರು. 2004ರಲ್ಲಿ ಅದೇ ಮತದಾರರು ಅವರನ್ನು 71 ಮತಗಳಿಂದ ಸೋಲಿಸಿದರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬದಲಿಸಬೇಕು ಎಂಬ ವಿವೇಕ ಆ ಜನರಿಗೆ ಚೆನ್ನಾಗಿಯೇ ಇದೆ. ಇಲ್ಲದಿರುವುದು ಅವಕಾಶ.

ಕರ್ನಾಟಕದ ಪರ ಮಾತಾಡಲು ಸಂಸತ್ತಿನಲ್ಲಿ 40 ಜನರಿದ್ದಾರೆ: ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12. ಲಕ್ಷದ್ವೀಪಕ್ಕೆ ಇರುವುದು ಒಬ್ಬರೇ ಒಬ್ಬರು. ರಾಜ್ಯಸಭೆಯಲ್ಲಿ ಸ್ಥಾನವಿಲ್ಲ. ವಿಧಾನಸಭೆ ಇಲ್ಲ, ಶಾಸಕರೂ ಇಲ್ಲ. ಸಂವಿಧಾನದ 240ನೇ ವಿಧಿಯಂತೆ ಅಲ್ಲಿಗೆ ಬೇಕಾದ ನಿಯಮಗಳನ್ನು ರಾಷ್ಟ್ರಪತಿಗಳ ಹೆಸರಿನಲ್ಲಿ ಕೇಂದ್ರವೇ ಮಾಡಬಹುದು. ಅವಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲ. 2021ರಲ್ಲಿ ಭೂಮಿಗೆ ಸಂಬಂಧಿಸಿದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂದಾಗ ಅದನ್ನು ವಿರೋಧಿಸಿ ಜನ ಮನೆ ಮುಂದೆ ಕುಳಿತು ಉಪವಾಸ ಮಾಡಬೇಕಾಯಿತು. 2025ರ ಜುಲೈಯಲ್ಲಿ ಬಿತ್ರಾ ದ್ವೀಪವನ್ನೇ ರಕ್ಷಣಾ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಪ್ರಸ್ತಾಪ ಹೊರಬಿತ್ತು. 2011ರ ಜನಗಣತಿಯಂತೆ ಅಲ್ಲಿದ್ದವರು 271 ಜನ. ಅವರು ಯಾವ ಶಾಸಕರ ಬಾಗಿಲು ತಟ್ಟಬೇಕು?

ಆ ಒಬ್ಬ ಸಂಸದರೂ ಇಲ್ಲವಾದರೆ? 2023ರ ಜನವರಿಯಲ್ಲಿ ನ್ಯಾಯಾಲಯದ ತೀರ್ಪಿನಿಂದ ಅಲ್ಲಿನ ಸಂಸದರು ಅನರ್ಹರಾದರು. ಸದಸ್ಯತ್ವ ಮರಳಿದ್ದು ಮಾರ್ಚ್ 29ಕ್ಕೆ. ಬಜೆಟ್ ಮಂಡನೆಯಾದ ದಿನ ಇಡೀ ದ್ವೀಪಸಮೂಹಕ್ಕೆ ಸಂಸತ್ತಿನಲ್ಲಿ ಯಾರೂ ಇರಲಿಲ್ಲ.

“ಸುಮಾರು 57 ಸಾವಿರ ಮತದಾರರಿಗೆ ಇನ್ನೊಂದು ಸ್ಥಾನ ಯಾಕೆ?” ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಹಕ್ಕು ಕಡಿಮೆಯಾಗದು. ಪುಟ್ಟ ಸಿಕ್ಕಿಮ್‌ಗೂ ರಾಜ್ಯಸಭೆಯಲ್ಲಿ ಸ್ಥಾನವಿದೆ. ವಿಧಾನಸಭೆ ಇಲ್ಲದೆ ಆರಿಸುವುದು ಹೇಗೆ ಎಂಬುದಕ್ಕೂ ದಾರಿ ಇದೆ. ದೆಹಲಿಗೆ ವಿಧಾನಸಭೆ ಇಲ್ಲದಿದ್ದಾಗ ಅಲ್ಲಿನ ಮಹಾನಗರ ಪರಿಷತ್ತಿನ ಸದಸ್ಯರೇ ರಾಜ್ಯಸಭೆಗೆ ಪ್ರತಿನಿಧಿಗಳನ್ನು ಕಳಿಸುತ್ತಿದ್ದರು. ದ್ವೀಪಗಳಲ್ಲಿ ಚುನಾಯಿತ ಪಂಚಾಯಿತಿ ಸದಸ್ಯರಿಗೆ ಆ ಹೊಣೆ ಕೊಡಬಹುದು.

ನಮ್ಮ ಬೇಡಿಕೆಗಳು:

1. ಸಂವಿಧಾನದ ನಾಲ್ಕನೇ ಅನುಸೂಚಿಗೆ ತಿದ್ದುಪಡಿ ತಂದು ಲಕ್ಷದ್ವೀಪಕ್ಕೆ ರಾಜ್ಯಸಭೆಯಲ್ಲಿ ಒಂದು ಸ್ಥಾನ ಕೊಡಬೇಕು. ಅಂಡಮಾನ್, ಲಡಾಖ್‌ಗಳಿಗೂ ಇದೇ ನ್ಯಾಯ ಸಿಗಬೇಕು.

2. 240ನೇ ವಿಧಿಯಡಿ ಯಾವುದೇ ನಿಯಮ ಮಾಡುವ ಮೊದಲು ಕರಡನ್ನು ಮಲಯಾಳಂ ಮತ್ತು ಮಿನಿಕಾಯ್‌ನ ಮಹಲ್ ಭಾಷೆಗಳಲ್ಲಿ ಪ್ರಕಟಿಸಿ, ಚುನಾಯಿತ ಪಂಚಾಯಿತಿಗಳ ಮುಂದಿಡಬೇಕು.

ನೀವು ಮಾಡಬೇಕಾದದ್ದು:

ಇವತ್ತೇ ಎರಡು ಅಂಚೆ ಕಾರ್ಡ್ ಬರೆಯಿರಿ. ನಮ್ಮ ಸಂಸದರಿಗೊಂದು, ಕರ್ನಾಟಕದ ರಾಜ್ಯಸಭಾ ಸದಸ್ಯರೊಬ್ಬರಿಗೊಂದು. “ಲಕ್ಷದ್ವೀಪಕ್ಕೆ ರಾಜ್ಯಸಭೆಯಲ್ಲಿ ಸ್ಥಾನ ಕೊಡುವ ಖಾಸಗಿ ಮಸೂದೆ ಮಂಡಿಸಿ” ಎಂಬ ಒಂದೇ ವಾಕ್ಯ ಸಾಕು. ಕೆಳಗೆ ನಿಮ್ಮ ಹೆಸರು, ಊರು ಇರಲಿ. ಓಟು ಕೇಳಲು ಬಂದವರ ಮುಂದೆಯೂ ಇದೇ ಬೇಡಿಕೆ ಇಡಿ. ಈ ಕರಪತ್ರವನ್ನು ಪಕ್ಕದವರ ಕೈಗೆ ಕೊಡಿ.

ನಲವತ್ತು ದನಿ ಇರುವ ನಾವು ಒಂಟಿ ದನಿಯವರ ಬೆನ್ನಿಗೆ ನಿಲ್ಲೋಣ!

ಮಂಗಳೂರಿನ ಸಮಾನ ಮನಸ್ಕ ನಾಗರಿಕರು