ಕಳಲೆಯ ನೀರನ್ನು ಚೆಲ್ಲುವುದೇಕೆ?

ಕಳಲೆ ಎಂದೊಡನೆ ಮೈಸೂರು ಸೀಮೆಯವರಿಗೆ ನಂಜನಗೂಡಿನ ಸಮೀಪದ ಊರು ನೆನಪಾಗುತ್ತದೆ. ಮಲೆನಾಡು, ಕೊಡಗಿನವರಿಗೆ ಮಳೆಗಾಲದ ಪಲ್ಯ ನೆನಪಾಗುತ್ತದೆ. ಬಿದಿರಿನ ಎಳೆಯ ಮೊಳಕೆಗೂ ಕಳಲೆ ಎಂದೇ ಹೆಸರು. ಅದನ್ನು ತಂದ ದಿನವೇ ಒಗ್ಗರಣೆಗೆ ಹಾಕುವ ಪದ್ಧತಿ ಇಲ್ಲ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ಆಮೇಲೆಯೇ ಚೆನ್ನಾಗಿ ಬೇಯಿಸುತ್ತಾರೆ.

‘ಇಷ್ಟೆಲ್ಲ ಯಾಕಜ್ಜಿ?’ ಎಂದು ಮೊಮ್ಮಗಳು ಕೇಳಿದರೆ ‘ನಂಜು ಹೋಗಲಿ ಅಂತ’ ಎಂಬ ಉತ್ತರ ಬರುತ್ತದೆ. ಅಜ್ಜಿಯ ನಂಬಿಕೆ ಎಂದು ನಕ್ಕು ಸುಮ್ಮನಾಗಬೇಡಿ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಹೆಚ್ಚಿದಾಗ ಅಥವಾ ಜಗಿದಾಗ ಅದು ಒಡೆದು, ಹೈಡ್ರೋಜನ್ ಸಯನೈಡ್ ಎಂಬ ವಿಷ ಹೊರಬರುತ್ತದೆ. ಈ ವಿಷ ನೀರಿನಲ್ಲಿ ಕರಗುತ್ತದೆ. ಕುದಿಸಿದಾಗ ಆವಿಯಾಗಿ ಹೋಗುತ್ತದೆ. ನೀರು ಚೆಲ್ಲುವುದು ಅದಕ್ಕೇ. ಬೇಯಿಸುವಾಗ ಪಾತ್ರೆಗೆ ತಟ್ಟೆ ಮುಚ್ಚದಿರುವುದು, ಬೇಯಿಸಿದ ನೀರನ್ನೂ ಬಸಿದು ಚೆಲ್ಲುವುದು ಕ್ಷೇಮ. ಅಜ್ಜಿಗೆ ವಿಷದ ಹೆಸರು ಗೊತ್ತಿರಲಿಲ್ಲ, ವಿಷ ತೆಗೆಯುವ ವಿಧಾನ ಗೊತ್ತಿತ್ತು. ಮೊಮ್ಮಗಳಿಗೆ ಹೆಸರು ಪಠ್ಯಪುಸ್ತಕದಲ್ಲಿ ಸಿಕ್ಕೀತು, ವಿಧಾನ ಸಿಗುವುದು ಅಡುಗೆಮನೆಯಲ್ಲೇ.

ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಹುಡುಗಿ ಕೇಳಿದ ‘ಯಾಕೆ’ ಎಂಬ ಪ್ರಶ್ನೆಯ ಬಗ್ಗೆ. ನಮ್ಮ ಮನೆಗಳಲ್ಲಿ ಮಕ್ಕಳು ಪ್ರಶ್ನೆ ಕೇಳಿದರೆ ಜಾಣರೆನ್ನುತ್ತೇವೆ. ಅದೇ, 65 ವರ್ಷದ ತಂದೆ ಮೊಬೈಲಿನಲ್ಲಿ ವಿದ್ಯುತ್ ಬಿಲ್ ಕಟ್ಟುವುದು ಹೇಗೆಂದು ಕೇಳಿದರೆ, ‘ಈ ವಯಸ್ಸಿನಲ್ಲಿ ನಿಮಗ್ಯಾಕಪ್ಪ, ಕೊಡಿ ಇಲ್ಲಿ’ ಎಂದು ಕಸಿದುಕೊಳ್ಳುತ್ತೇವೆ. ಪ್ರೀತಿಯಿಂದಲೇ ಆಡಿದ ಮಾತಿರಬಹುದು. ಆದರೆ ನಾಲ್ಕು ಬಾರಿ ಹೀಗೆ ಕೇಳಿಸಿಕೊಂಡವರು ಐದನೆಯ ಬಾರಿ ಪ್ರಶ್ನೆ ಕೇಳುವುದಿಲ್ಲ. ಹಿರಿಯರ ಆರೋಗ್ಯಕ್ಕೆ ಇದು ನಾವು ಮಾಡುವ ಅಪಕಾರ ಎಂಬುದು ನನ್ನ ದೃಢ ಅಭಿಪ್ರಾಯ.

ವಯಸ್ಸಾದ ಮಿದುಳು ಕಲಿಯಬಲ್ಲದೆ?

ಬೆಳೆದು ನಿಂತ ಮಿದುಳು ಇನ್ನು ಬದಲಾಗದು ಎಂದು ಬಹುಕಾಲ ನಂಬಲಾಗಿತ್ತು. ಜರ್ಮನಿಯ ವಿಜ್ಞಾನಿಗಳು, ಮೂರು ಚೆಂಡುಗಳನ್ನು ಸತತವಾಗಿ ಮೇಲೆಸೆದು ಹಿಡಿಯುವ ಕೈಚಳಕವನ್ನು ಯುವಜನರಿಗೆ ಮೂರು ತಿಂಗಳು ಕಲಿಸಿ, ಅವರ ಮಿದುಳಿನ ಚಿತ್ರ ತೆಗೆದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಲನೆಯನ್ನು ಗುರುತಿಸುವ ಭಾಗ ತುಸು ಹಿಗ್ಗಿತ್ತು. ಅಭ್ಯಾಸ ನಿಲ್ಲಿಸಿದ ಮೇಲೆ ಅದು ಮತ್ತೆ ಕುಗ್ಗಿತು. 2008ರಲ್ಲಿ, 60ರ ಆಸುಪಾಸಿನವರ ಮೇಲೆ ನಡೆಸಿದ ಇಂಥದೇ ಅಧ್ಯಯನ ಪ್ರಕಟವಾಯಿತು. ಅವರು ಯುವಕರಷ್ಟು ಚೆನ್ನಾಗಿ ಕಲಿಯಲಿಲ್ಲ, ನಿಜ. ಆದರೆ ಕಲಿತವರ ಮಿದುಳಿನಲ್ಲಿಯೂ ಬದಲಾವಣೆ ಕಂಡಿತು.

ಹಾಗೆಂದು, ದಿನಕ್ಕೊಂದು ಹೊಸ ಸಂಗತಿ ಕಲಿತರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂದು ಯಾವ ವೈದ್ಯರೂ ಭರವಸೆ ಕೊಡಲಾರರು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಲು ಸಾಧ್ಯವಿರುವ 14 ಅಂಶಗಳನ್ನು ಪಟ್ಟಿ ಮಾಡಿತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳ ಜತೆಗೆ ಕಿವುಡುತನ, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಒಂಟಿತನಗಳೂ ಅದರಲ್ಲಿವೆ. ಈ ಕೊನೆಯ ಮೂರನ್ನು ಗಮನಿಸಿ. ಕೇಳಿಸದಿದ್ದರೆ, ಕಾಣಿಸದಿದ್ದರೆ, ಮಾತನಾಡಿಸುವವರೇ ಇಲ್ಲದಿದ್ದರೆ ಹೊಸ ಸಂಗತಿ ಒಳಗೆ ಬರುವ ಬಾಗಿಲೇ ಮುಚ್ಚಿದಂತೆ. ಆದ್ದರಿಂದ ‘ಅಮ್ಮನಿಗೆ ಯಾವುದರಲ್ಲೂ ಆಸಕ್ತಿಯಿಲ್ಲ’ ಎಂದು ತೀರ್ಮಾನಿಸುವ ಮೊದಲು ಅವರ ಕಿವಿ, ಕಣ್ಣುಗಳನ್ನು ಪರೀಕ್ಷೆ ಮಾಡಿಸಿ. ಗೊಂದಲ, ಮರೆವು, ಮಾತಿನ ತೊದಲು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ವಯಸ್ಸಿನ ದೋಷವೆಂದು ಕಾಯದೆ, ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ಕಳಲೆ ಊರಿನ ವಿಷಯಕ್ಕೆ ಬರೋಣ. ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಊರದು. ಅಲ್ಲಿಯ ಲಕ್ಷ್ಮೀಕಾಂತ ದೇವಾಲಯ ನೋಡಿ ಬಂದವರಿಗೂ ಕಳಲೆ ಎಂದರೆ ಸೈನ್ಯ, ಯುದ್ಧ, ಅಧಿಕಾರಗಳೇ ನೆನಪಾಗುತ್ತವೆ. ಆದರೆ ಅದೇ ಮನೆತನದ ವೀರರಾಜ 18ನೆಯ ಶತಮಾನದಲ್ಲಿ ‘ಸಕಲವೈದ್ಯಸಂಹಿತಾಸಾರಾರ್ಣವ’ ಎಂಬ ವೈದ್ಯಗ್ರಂಥವನ್ನು ರಚಿಸಿದ. ಕತ್ತಿ ಹಿಡಿಯುವ ಮನೆಯವರಿಗೆ ಕಷಾಯದ ಚಿಂತೆ ಯಾಕೆಂದು ಯಾರಾದರೂ ಅವನನ್ನು ತಡೆದಿದ್ದರೆ ಆ ಗ್ರಂಥ ಹುಟ್ಟುತ್ತಿರಲಿಲ್ಲ.

ನೀವು ಗ್ರಂಥ ಬರೆಯಬೇಕಾಗಿಲ್ಲ. ಮನೆಯಲ್ಲಿ ಕಿರಿಯರು ಹಿರಿಯರಿಗೊಂದು, ಹಿರಿಯರು ಕಿರಿಯರಿಗೊಂದು ವಿಷಯ ಕಲಿಸುವ ರೂಢಿಯನ್ನು ಮಾಡಿಕೊಳ್ಳಿ. ಮೊಬೈಲನ್ನು ಕಸಿದುಕೊಳ್ಳದೆ, ಅಪ್ಪನ ಬೆರಳಿನಿಂದಲೇ ಒತ್ತಿಸಿ. ನಾಲ್ಕು ಸಲ ತಪ್ಪಿದರೆ ಐದನೆಯ ಸಲ ಹೇಳಿಕೊಡಿ. ನಿಮಗೆ ಮಗ್ಗಿ ಕಲಿಸುವಾಗ ಅವರು ಅದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಅಜ್ಜಿ ಮಾಡುವ ಕೆಲಸಕ್ಕೆ ಕಾರಣವೇನೆಂದು ಕೇಳಿ, ಬರೆದಿಡಿ. ಒಂದು ಎಚ್ಚರಿಕೆಯೂ ಇರಲಿ: ಯಾರೋ ಕಳಿಸಿದ ‘ಈ ಎಲೆಯ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ’ ಎಂಬ ಸಂದೇಶ ಹೊಸದಾಗಿದ್ದ ಮಾತ್ರಕ್ಕೆ ನಿಜವಲ್ಲ. ಅಲ್ಲಿಯೂ ‘ಯಾಕೆ, ಹೇಗೆ’ ಎಂದು ಕೇಳಬೇಕು, ನಿಮ್ಮ ವೈದ್ಯರನ್ನೇ ಕೇಳಬೇಕು.

ಇಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ‘ಈ ದಿನ ಹೊಸದಾಗಿ ಏನು ತಿಳಿಯಿತು?’ ಎಂದು ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಮೊದಲು ಕೇಳಿ. ಅವರು ಕೂಡಲೇ ಉತ್ತರಿಸಲಾರರು. ಅವರನ್ನು ಯಾರೂ ಹಾಗೆ ಕೇಳಿ ಬಹಳ ದಿನವಾಗಿರುತ್ತದೆ. ನಾಳೆಯೂ ಕೇಳಿ.