ಫಾರ್ಮ್ಯಾಟ್‌ಗೆ ಹೂಂ ಅನ್ನೋ ಮುಂಚೆ (ಭಾಗ 7)

ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ ಅಂತ ರಿಪೇರಿ ಅಂಗಡಿಗೆ ಹೋದ್ರೆ ಮೊದಲ ಮಾತೇ ಇದು: "ಫಾರ್ಮ್ಯಾಟ್ ಮಾಡ್ಬೇಕು, ಡೇಟಾ ಹೋಗುತ್ತೆ, ಪರ್ವಾಗಿಲ್ವಾ?"

ಹೋದ ವರ್ಷ ನಾನು "ಪರ್ವಾಗಿಲ್ಲ" ಅಂದುಬಿಟ್ಟೆ. ಮರುದಿನ ಇಂಟರ್ನಲ್ಸ್, ತಲೆ ಓಡಲಿಲ್ಲ. ನನ್ನ ಪ್ರಾಜೆಕ್ಟ್ ಹೋಯ್ತು. ಜೊತೆಗೆ ಅಪ್ಪನ ಅಂಗಡಿಯ ಎರಡು ವರ್ಷದ ಟ್ಯಾಲಿ ಲೆಕ್ಕವೂ ಹೋಯ್ತು. ಅಪ್ಪ ಬೈಯಲಿಲ್ಲ. ಹಳೇ ಬಿಲ್ ಪುಸ್ತಕಗಳನ್ನ ತಂದು ನನ್ನ ಮುಂದೆ ಇಟ್ರು, ಅಷ್ಟೇ.

ಆಮೇಲೆ ತಿಳೀತು: ವಿಂಡೋಸ್ ಓಪನ್ ಆಗ್ಲಿಲ್ಲ ಅಂದ್ರೆ ಡಿಸ್ಕ್ ಸತ್ತಿದೆ ಅಂತಲ್ಲ. ಎಷ್ಟೋ ಸಲ ಫೈಲುಗಳು ಇದ್ದಲ್ಲೇ ಇರ್ತವೆ.

ಅದಕ್ಕೇ ಹೇಳೋದು, ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಒಂದು ಬೂಟ್ ಪೆನ್‌ಡ್ರೈವ್ ಮಾಡಿಟ್ಕೊಳ್ಳಿ. ಖಾಲಿ 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ. ಪೆನ್‌ಡ್ರೈವ್‌ನಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ. ವಿಂಡೋಸ್ ಕೈಕೊಟ್ಟ ದಿನ ಇದರಿಂದ ಬೂಟ್ ಮಾಡಿ (ತುಂಬಾ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9), ಇನ್‌ಸ್ಟಾಲ್ ಮಾಡದೆಯೇ ಫೈಲುಗಳನ್ನ ಬೇರೆ ಡ್ರೈವ್‌ಗೆ ಕಾಪಿ ಮಾಡ್ಕೊಳ್ಳಿ.

"ಗೂಗಲ್ ಡ್ರೈವ್ ಇದ್ಯಲ್ಲ" ಅಂತೀರಾ? ಅದರಲ್ಲಿ ನೀವು ಹಾಕಿದ್ದು ಮಾತ್ರ ಇರುತ್ತೆ. ವಿಂಡೋಸ್, ಟ್ಯಾಲಿ, ಸೆಟ್ಟಿಂಗ್ಸ್ ಎಲ್ಲಾ ಸೇರಿ ಇಡೀ ಡಿಸ್ಕ್ ವಾಪಸ್ ಬರ್ಬೇಕು ಅಂದ್ರೆ ರೆಸ್ಕ್ಯೂಝಿಲ್ಲಾ ಅಥವಾ ಕ್ಲೋನ್‌ಝಿಲ್ಲಾದಿಂದ ಇಮೇಜ್ ತೆಗೆದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇಡ್ಬೇಕು. ಅವೂ ಉಚಿತ, ಅವೂ ಪೆನ್‌ಡ್ರೈವ್‌ನಿಂದಲೇ ಓಡ್ತವೆ.

ಇದು ನಮ್ಮಂಥ ಸ್ಟೂಡೆಂಟ್ಸ್ ತೊಂದರೆ ಮಾತ್ರ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪೆಟ್ಟು ಬಿತ್ತು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಆಗ ಆ ಕಂಪನಿಯೇ ಕೊಟ್ಟ ಒಂದು ಉಪಾಯ ಏನ್ ಗೊತ್ತಾ? ಬೂಟ್ ಆಗೋ ಯುಎಸ್‌ಬಿ!

ಅವತ್ತು ಬಿಟ್‌ಲಾಕರ್ ಕೀ ಸಿಗದೆ ಒದ್ದಾಡಿದವರೂ ಇದ್ರು. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅದು ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಈಗ್ಲೇ ಬರೆದಿಡಿ. ಅದಿಲ್ದೆ ಯಾವ ಪೆನ್‌ಡ್ರೈವ್ ಹಾಕಿದ್ರೂ ಫೈಲ್ ತೆರೆಯಲ್ಲ.

ಕೊನೇ ಮಾತು. ಮಾಡಿಟ್ಟು ಮರೆತರೆ ಸಾಲದು. ಒಮ್ಮೆ ಅದರಿಂದ ಬೂಟ್ ಮಾಡಿ, ಬ್ಯಾಕಪ್‌ನಿಂದ ಒಂದು ಫೈಲ್ ಆದ್ರೂ ವಾಪಸ್ ತೆಗೆದು ನೋಡಿ. ಟ್ರಯಲ್ ಬ್ಯಾಲೆನ್ಸ್ ಹಾಕದೆ ಲೆಕ್ಕ ಸರಿ ಇದೆ ಅಂತೀವಾ? ಇದೂ ಹಾಗೇ.

ಈ ಭಾನುವಾರ ಒಂದು ಗಂಟೆ ಕೊಡಿ. ಡೌಟ್ ಇದ್ರೆ ಕಮೆಂಟ್ ಹಾಕಿ, ಕಾಲೇಜಲ್ಲಿ ಸಿಕ್ಕಿದ್ರೆ ನನ್ನ ಪೆನ್‌ಡ್ರೈವ್ ಬ್ಯಾಗಲ್ಲೇ ಇರುತ್ತೆ.

#ಬ್ಯಾಕಪ್ #ಬಿಕಾಂಹುಡುಗ್ರು #ಕನ್ನಡದಲ್ಲಿಟೆಕ್