ಪ್ರೇಮ್‌ಜಿ ಮೊಟ್ಟೆಗೆ ಬಜೆಟ್‌ನಲ್ಲಿ ಜಾಗ ಬೇಕು

ಅಜೀಂ ಪ್ರೇಮ್‌ಜಿ ಅವರ ದಾನದ ಮಾತು ಬಂದಾಗಲೆಲ್ಲ ಮೊತ್ತವೇ ಸುದ್ದಿಯಾಗುತ್ತದೆ. 2019ರ ಮಾರ್ಚ್‌ನಲ್ಲಿ ಅವರು ವಿಪ್ರೊದ ಶೇ 34ರಷ್ಟು ಷೇರುಗಳ ಆದಾಯವನ್ನು ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. ಆಗಿನ ಲೆಕ್ಕದಲ್ಲಿ ಅದು 52,750 ಕೋಟಿ ರೂಪಾಯಿ. ಹಿಂದೆ ಕೊಟ್ಟಿದ್ದೂ ಸೇರಿದರೆ 1.45 ಲಕ್ಷ ಕೋಟಿ. 1966ರಲ್ಲಿ ತಂದೆ ತೀರಿಕೊಂಡಾಗ ಸ್ಟ್ಯಾನ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟು ಬಂದ ಹುಡುಗ, ಅಮಳನೇರ್‌ನ ವನಸ್ಪತಿ ಕಂಪನಿಯನ್ನು ಸಂತೂರ್ ಸೋಪಿಗೂ ಸಾಫ್ಟ್‌ವೇರಿಗೂ ಬೆಳೆಸಿದ ಕಥೆ ಬಹಳಷ್ಟು ಜನರಿಗೆ ಗೊತ್ತೇ ಇದೆ. ಆದರೆ ಕನ್ನಡಿಗರು ಗಮನಿಸಬೇಕಾದ್ದು ಆ ಹಣ ಹೋಗಿ ಸೇರಿದ ಜಾಗವನ್ನು. ಬೆರಳೆಣಿಕೆಯ ಸ್ವಂತ ಶಾಲೆಗಳು ಮತ್ತು ವಿಶ್ವವಿದ್ಯಾಲಯವನ್ನು ಬಿಟ್ಟರೆ, 2001ರಿಂದ ಪ್ರತಿಷ್ಠಾನದ ದುಡಿಮೆಯ ಬಹುಪಾಲು ನಡೆದಿರುವುದು ಸರ್ಕಾರಿ ಶಾಲೆಗಳ ಜೊತೆ. ಯಾದಗಿರಿ ಇನ್ನೂ ಜಿಲ್ಲೆಯಾಗುವ ಮೊದಲೇ ಅದರ ಜನ ಸುರಪುರದ ಶಾಲೆಗಳಲ್ಲಿ ಮೇಷ್ಟ್ರುಗಳ ಜೊತೆ ಕೂತು ಕಲಿಸುವ ಬಗೆಯನ್ನು ಚರ್ಚಿಸುತ್ತಿದ್ದರು. ಹೆಸರು ಕೆತ್ತಿಸಿಕೊಳ್ಳಲು ಕಟ್ಟಡವಿಲ್ಲದ, ಫಲ ಕಾಣಲು ವರ್ಷಗಳು ಬೇಕಾಗುವ ಕೆಲಸವದು. ನಮ್ಮ ಸಿರಿವಂತರಲ್ಲಿ ಹೆಚ್ಚಿನವರಿಗೆ ಇಂಥದ್ದಕ್ಕೆ ತಾಳ್ಮೆಯಿಲ್ಲ.

ಬಿಸಿಯೂಟದ ಮೊಟ್ಟೆಯೂ ಇದೇ ದಾರಿಯಲ್ಲಿ ಬಂದದ್ದು. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು 2024ರ ಜುಲೈನಲ್ಲಿ ಒಪ್ಪಂದವಾಯಿತು. ಮೂರು ವರ್ಷಕ್ಕೆ ಪ್ರತಿಷ್ಠಾನದಿಂದ ಸುಮಾರು 1,500 ಕೋಟಿ. ಉಣ್ಣುವವರು ಹತ್ತನೇ ತರಗತಿವರೆಗಿನ ಸುಮಾರು 55 ಲಕ್ಷ ಮಕ್ಕಳು. ಬೇಡವೆಂದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ ನಿಗದಿಯಾದ ಆರು ರೂಪಾಯಿಯಲ್ಲೇ ಬೇಯಿಸುವ ಗ್ಯಾಸು, ಸುಲಿಯುವ ಕೂಲಿ, ಸಾಗಣೆ ಎಲ್ಲವೂ ಮುಗಿಯಬೇಕು. ಸಂತೆಯಲ್ಲಿ ದರ ಏರಿದ ವಾರ ಈ ಲೆಕ್ಕ ತೂಗಿಸಲು ಪರದಾಡುವವರು ಹೆಡ್‌ಮಾಸ್ತರು. ದುಡ್ಡು ದಾನಿಯದಾದರೂ ಅದು ಮಗುವಿನ ತಟ್ಟೆ ಮುಟ್ಟಬೇಕಾದರೆ ಸರ್ಕಾರಿ ಶಾಲೆಯ ಅಡುಗೆಮನೆಯೇ ಬೇಕು. ಇಷ್ಟು ಹಳ್ಳಿಗಳನ್ನು ದಿನವೂ ತಲುಪುವ ವ್ಯವಸ್ಥೆ ಯಾವ ಖಾಸಗಿ ಸಂಸ್ಥೆಯ ಬಳಿಯೂ ಇಲ್ಲ.

ಇಲ್ಲಿ ಎರಡು ತಕರಾರುಗಳಿವೆ. ಐಟಿ ಕಂಪನಿಗಳು ಬೆಳೆದದ್ದೇ ತೆರಿಗೆ ರಿಯಾಯಿತಿಯ ಮೇಲೆ, ಈಗ ಕೊಡುತ್ತಿರುವುದು ಸಾಲದ ಮರುಪಾವತಿಯಷ್ಟೇ ಎನ್ನುವುದು ಮೊದಲನೆಯದು. ರಿಯಾಯಿತಿ ಸಿಕ್ಕಿದ್ದು ನಿಜ. ಆದರೆ ಅದು ಸಿಕ್ಕಿದ್ದು ಇಡೀ ಉದ್ಯಮಕ್ಕೆ. ಹೀಗೆ ಕೈಬಿಚ್ಚಿದವರು ಎಷ್ಟು ಮಂದಿ? ಕಾನೂನು ಕೇಳುವುದು ಕಂಪನಿಯ ಲಾಭದ ಶೇ 2ನ್ನು ಮಾತ್ರ, ಮಾಲೀಕನ ಸ್ವಂತ ಷೇರನ್ನಲ್ಲ. ಎರಡನೆಯ ತಕರಾರು ಗಟ್ಟಿಯಾದದ್ದು: ಮಕ್ಕಳಿಗೆ ಉಣಬಡಿಸುವುದು ಸರ್ಕಾರದ ಹೊಣೆ, ಅದು ದಾನಿಯ ಮರ್ಜಿಗೆ ಬೀಳಬಾರದು. ದಾನಿಯನ್ನು ಮತದಾರ ಪ್ರಶ್ನಿಸಲಾಗದು. ನಾಳೆ ಪ್ರತಿಷ್ಠಾನದ ಆದ್ಯತೆ ಬದಲಾದರೆ ವಿಧಾನಸಭೆಯಲ್ಲಿ ಉತ್ತರಿಸುವವರು ಯಾರು? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ ದಾನ ಬೇಡ ಎಂಬುದಲ್ಲ. ಹಸಿದ ಮಗು ಸಿದ್ಧಾಂತ ಇತ್ಯರ್ಥವಾಗಲಿ ಎಂದು ಕಾಯುವುದಿಲ್ಲ. ದಾನ ನಡೆಯುತ್ತಿರುವಾಗಲೇ ಸರ್ಕಾರ ಆ ಹೊಣೆಯನ್ನು ತನ್ನ ಹೆಗಲಿಗೆ ತೆಗೆದುಕೊಳ್ಳಬೇಕು.

ಅದು ಆಗದ ಮಾತೇನಲ್ಲ. ಪ್ರತಿಷ್ಠಾನ ಭರಿಸುತ್ತಿರುವುದು ವರ್ಷಕ್ಕೆ ಸರಿಸುಮಾರು 500 ಕೋಟಿ. ರಾಜ್ಯ ಬಜೆಟ್‌ನ ಗಾತ್ರ 4 ಲಕ್ಷ ಕೋಟಿ ದಾಟಿದೆ. ಮೊಟ್ಟೆ ಬೇಡವೆಂದ ಮಠಾಧೀಶರ ಮುಂದೆ ವರ್ಷಗಟ್ಟಲೆ ಹಿಂಜರಿದ ಸರ್ಕಾರಗಳಿಗೆ, ಮೊಟ್ಟೆ ತಟ್ಟೆಗೆ ಬಂದಾಗಿರುವ ಈಗ ಆ ನೆಪವೂ ಉಳಿದಿಲ್ಲ. ಒಪ್ಪಂದ ಮೂರೇ ವರ್ಷದ್ದು. ಅವಧಿ ಮುಗಿದಾಗ ಮತ್ತೆ ಪ್ರತಿಷ್ಠಾನದ ಕಡೆ ಕೈಚಾಚುವ ಬದಲು, ಆ ನಾಲ್ಕು ದಿನಗಳ ಮೊಟ್ಟೆಯ ಖರ್ಚನ್ನೂ ಮುಖ್ಯಮಂತ್ರಿಗಳು 2027–28ರ ಬಜೆಟ್‌ನಲ್ಲಿ ಸೇರಿಸಲಿ.